ಉಪಮೇಯವಾದ ಮರ: ಬಿ. ಜಿ. ಎಲ್. ಸ್ವಾಮಿಯವರ ಗದ್ಯವೂ ಕಾಂಡ್ಲ ಕಾಡಿನ ವಿಚಾರವೂ

ನಮ್ಮ ಕಾವ್ಯಗಳಲ್ಲಿ ಮರಗಳಿಗೆ ಕೊರತೆಯಿಲ್ಲ. ಪಂಪನ ಬನವಾಸಿಯ ವರ್ಣನೆ ಮೊದಲುಗೊಂಡು ನವೋದಯದ ಭಾವಗೀತಗಳವರೆಗೆ ಮಾವು, ಮಲ್ಲಿಗೆ, ಸಂಪಗೆ, ಅಶೋಕಗಳು ಸಾಲುಗೊಂಡು ನಿಂತಿವೆ. ಆದರೆ ವಿಚಾರಿಸಿ ನೋಡಿದರೆ, ಇವುಗಳಲ್ಲಿ ತಮ್ಮ ಸ್ವಂತ ಕಾರ್ಯಕ್ಕಾಗಿ ಕಾವ್ಯದೊಳಕ್ಕೆ ಬಂದ ಮರಗಳು ಬಹು ಸ್ವಲ್ಪವೆಂದು ತಿಳಿಯುವುದು. ನಾಯಕಿಯ ತೋಳಿಗೆ ಬಳ್ಳಿಯೂ, ಅಂಗೈಗೆ ತಳಿರೂ, ದಾನಶೂರನಾದ ಅರಸನಿಗೆ ಕಲ್ಪವೃಕ್ಷವೂ ಬೇಕಾಗಿ, ಬೇಕಾದಷ್ಟೇ ಹೊತ್ತು ನಿಂತು, ಕೆಲಸವು ಮುಗಿದ ಮೇಲೆ ಮರೆಯಾಗುತ್ತವೆ. ಅಲಂಕಾರಶಾಸ್ತ್ರದ ಮಾತಿನಿಂದ ಹೇಳುವುದಾದರೆ ಮರವು ಉಪಮಾನ, ಉಪಮೇಯವಾದವನು ಮನುಷ್ಯ. ಶರಣರ ವಚನಗಳಲ್ಲಿಯೂ ಹೀಗೆಯೇ. ಬೇರಿಗೆರೆದ ನೀರು ತುದಿಯ ಚಿಗುರಿನಲ್ಲಿ ಕಾಣಿಸಿಕೊಳ್ಳುವ ಲೋಕಾನುಭವವನ್ನು ಬಸವಣ್ಣನವರು ಜಂಗಮಸೇವೆಯ ತತ್ತ್ವಕ್ಕೆ ದೃಷ್ಟಾಂತವಾಗಿ ತಂದಿರುವುದನ್ನು ನಮ್ಮ ಸೀಮೆಯಲ್ಲಿ ತಿಳಿಯದವರಿಲ್ಲ. ದೃಷ್ಟಾಂತವು ಅತ್ಯಂತ ಸಮರ್ಪಕವಾದುದು. ಆದರೆ ಬೇರಿಗೂ ಚಿಗುರಿಗೂ ನಡುವೆ, ಆ ಕಾಂಡದೊಳಗೆ, ನೀರು ಹೇಗೆ ನಡೆಯಿತೆಂಬ ಪ್ರಶ್ನೆಯು ಅಲ್ಲಿ ಹುಟ್ಟುವುದಿಲ್ಲ. ಹುಟ್ಟಬೇಕಾದ ಅಗತ್ಯವೂ ಇಲ್ಲ.

ಆ ನಡುವಣ ಪ್ರಶ್ನೆಯನ್ನೇ ಬಹುಕಾಲದ ವ್ಯಾಸಂಗವನ್ನಾಗಿ ಮಾಡಿಕೊಂಡ ವಿದ್ವಾಂಸರೊಬ್ಬರು ಕನ್ನಡದಲ್ಲಿ ಲೇಖನಿ ಹಿಡಿದರೆ ಎಂತಹ ಗದ್ಯವು ಹುಟ್ಟೀತು? ಮರವೇ ಉಪಮೇಯವಾಗಿ, ಮನುಷ್ಯನು ಅದರ ಸುತ್ತ ಓಡಾಡುವ ಪರಿವಾರವಾಗಿ ನಿಂತರೆ ಅದು ಸಾಹಿತ್ಯವೆನಿಸುವುದೇ, ಶಾಸ್ತ್ರವೆನಿಸುವುದೇ? ಈ ಪ್ರಶ್ನೆಗಳಿಗೆ ಕನ್ನಡದಲ್ಲಿ ದೊರೆತ ಪೂರ್ಣವಾದ ಉತ್ತರ ದಿವಂಗತ ಬಿ. ಜಿ. ಎಲ್. ಸ್ವಾಮಿಯವರ ಗ್ರಂಥಗಳು, ಅವುಗಳಲ್ಲಿಯೂ ವಿಶೇಷವಾಗಿ ‘ಹಸುರು ಹೊನ್ನು’. ಆ ಗದ್ಯದ ಗುಣವು ಎಲ್ಲಿಂದ ಬಂದಿತೆಂಬುದನ್ನು ಮೊದಲು ಪರೀಕ್ಷಿಸಿ, ಮನುಷ್ಯನ ಕೊಳೆಯನ್ನು ಹೊತ್ತು ನಿಂತಿರುವ ಇಂದಿನ ಕಾಡುಗಳ ವಿಚಾರದಲ್ಲಿ ಆ ಗದ್ಯವು ನಮಗೆ ಎಷ್ಟು ದೂರ ದಾರಿ ತೋರಬಲ್ಲುದೆಂಬುದನ್ನು ತರುವಾಯ ನೋಡುವುದು ಈ ಲೇಖನದ ಉದ್ದೇಶ. ಅದಕ್ಕೆ ಒರೆಗಲ್ಲಾಗಿ ಕಡಲಂಚಿನ ಕಾಂಡ್ಲ ಕಾಡನ್ನು ತೆಗೆದುಕೊಂಡಿದ್ದೇವೆ. ಕಡಲನ್ನು ಕಾಣದ ಆಳಂದ, ಖಜೂರಿಗಳ ಕಡೆಯ ವಾಚಕರಿಗೆ ಕಾಂಡ್ಲದ ಗೊಡವೆ ಏಕೆಂಬ ಸಂದೇಹಕ್ಕೆ ಸಮಾಧಾನವು ಕೊನೆಯಲ್ಲಿ ದೊರೆಯುವುದು.

ಸ್ವಾಮಿಯವರು ಹುಟ್ಟಿದುದು ೧೯೧೮ರಲ್ಲಿ. ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ಕೂಡಿ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ಆರಂಭಿಸಿದುದೂ ಅದೇ ವರ್ಷದಲ್ಲಿ. ತಂದೆ ಡಿ. ವಿ. ಗುಂಡಪ್ಪನವರು, ಕಾಡಿನಲ್ಲಿ ಯಾರ ಕಣ್ಣಿಗೂ ಬೀಳದೆ ಅರಳಿ ಬಾಡುವ ಹೂವನ್ನು ಬಾಳಿನ ಆದರ್ಶವಾಗಿ ಹಾಡಿದ ‘ವನಸುಮ’ದ ಕವಿ. ತಂದೆಗೆ ವನಸುಮವು ಜೀವನಧರ್ಮದ ಸಂಕೇತ; ಮಗನಿಗೆ ಅದೇ ವನಸುಮವು ಕೈಯಲ್ಲಿ ಹಿಡಿದು, ದಳಗಳನ್ನೆಣಿಸಿ, ಅಂಡಾಶಯವನ್ನು ಸೀಳಿ ನೋಡಬೇಕಾದ ಪದಾರ್ಥ. ಒಂದೇ ಮನೆಯಲ್ಲಿ ಉಪಮಾನವು ಉಪಮೇಯವಾಗಿ ತಿರುಗಿದ ಈ ಪರಿ ನಮ್ಮ ಸಾಹಿತ್ಯಚರಿತ್ರೆಯಲ್ಲಿ ಗಮನಿಸತಕ್ಕ ಸಂಗತಿ.

ಮೈಸೂರು ವಿಶ್ವವಿದ್ಯಾನಿಲಯದಿಂದ ಡಿ.ಎಸ್‌ಸಿ. ಪದವಿಯನ್ನು ಪಡೆದು ಅವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯಕ್ಕೆ ಹೋದರು. ಅಲ್ಲಿ ದಾರುರಚನೆಯ ಶಾಸ್ತ್ರದಲ್ಲಿ ಆ ಕಾಲದ ಅಗ್ರಗಣ್ಯರಾಗಿದ್ದ ಅರ್ವಿಂಗ್ ಬೇಯ್ಲಿಯವರೊಡನೆ ಕೆಲಸ ಮಾಡಿದರು. ಆ ವಾಸದ ಅನುಭವಗಳೇ ‘ಅಮೆರಿಕದಲ್ಲಿ ನಾನು’ ಎಂಬ ಗ್ರಂಥಕ್ಕೆ ವಸ್ತುವಾದುವು. ಹಿಂದಿರುಗಿದ ಮೇಲೆ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ದೀರ್ಘಕಾಲ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿ, ಪ್ರಾಂಶುಪಾಲರೂ ಆಗಿ, ೧೯೮೦ರಲ್ಲಿ ತೀರಿಕೊಂಡರು. ‘ಹಸುರು ಹೊನ್ನು’ ಗ್ರಂಥಕ್ಕೆ ೧೯೭೮ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯು ಬಂದಿತು.

ಅವರ ಶಾಸ್ತ್ರಕಾರ್ಯದ ಒಂದು ಭಾಗವನ್ನಾದರೂ ಇಲ್ಲಿ ವಿವರಿಸದೆ ಅವರ ಗದ್ಯದ ಗುಟ್ಟು ತಿಳಿಯದು. ಮರದ ಕಾಂಡದಲ್ಲಿ ನೀರು ಮೇಲಕ್ಕೇರುವ ದಾರಿಗಳು ಎರಡು ಬಗೆ. ಬಿದಿರಿನ ಗಳುವೊಂದನ್ನು ಮನಸ್ಸಿಗೆ ತಂದುಕೊಳ್ಳಿರಿ. ಗೆಣ್ಣುಗಳ ನಡುವಣ ಅಡ್ಡಗೋಡೆಗಳನ್ನು ಸಲಾಕೆಯಿಂದ ಒಡೆದು ಹಾಕಿದರೆ ಅದು ಒಂದೇ ಕೊಳವೆಯಾಗುವುದು, ಇದು ನಾಳ. ಗೋಡೆಗಳನ್ನು ಒಡೆಯದೆ ಅಕ್ಕಪಕ್ಕದಲ್ಲಿ ತೆಳುವಾದ ಪೊರೆ ಮುಚ್ಚಿದ ಸಣ್ಣ ಸಣ್ಣ ಕಿಂಡಿಗಳನ್ನು ಮಾತ್ರ ಬಿಟ್ಟರೆ ನೀರು ಒಂದರಿಂದೊಂದಕ್ಕೆ ಜಿನುಗಿ ಹೋಗಬೇಕಾಗುವುದು. ಇದು ಎರಡನೆಯ ಬಗೆ. ಹೂ ಬಿಡುವ ಮರಗಳಲ್ಲಿ ಬಹುತೇಕ ಎಲ್ಲವಕ್ಕೂ ನಾಳಗಳುಂಟು. ನಾಳವಿಲ್ಲದೆ ಹೂ ಬಿಡುವ ಗಿಡಗಳು ಲೋಕದಲ್ಲಿ ಬೆರಳೆಣಿಕೆಯಷ್ಟು. ಹೂಗಿಡಗಳ ಪ್ರಾಚೀನ ವಂಶವೃತ್ತಾಂತವನ್ನು ಅರಿಯಲು ಅವು ಬಹು ಬೆಲೆಯುಳ್ಳವೆಂದು ಶಾಸ್ತ್ರಜ್ಞರು ಭಾವಿಸುತ್ತಾರೆ. ೧೯೫೦ರಲ್ಲಿ ಸ್ವಾಮಿಯವರೂ ಬೇಯ್ಲಿಯವರೂ ಸಾರ್ಕಾಂಡ್ರವೆಂಬ ಕುಲದ ಗಿಡಗಳು ಇಂತಹ ನಾಳರಹಿತ ಸಸ್ಯಗಳೆಂದು ಪ್ರಕಟಿಸಿದರು. ಮುಂದೆ ೧೯೫೩ರಲ್ಲಿ ಸ್ವಾಮಿಯವರು ದಕ್ಷಿಣಭಾರತದ ಬೆಟ್ಟಗಳಲ್ಲಿ ಬೆಳೆಯುವ ಅದೇ ಕುಲದ ಹೊಸ ಜಾತಿಯೊಂದಕ್ಕೆ ತಮ್ಮ ಗುರುವಿನ ಹೆಸರನ್ನಿಟ್ಟು ‘ಸಾರ್ಕಾಂಡ್ರ ಅರ್ವಿಂಗ್‌ಬೇಯ್ಲಿಯೈ’ ಎಂದು ಕರೆದರು. ಗುರುದಕ್ಷಿಣೆಯನ್ನು ಹೀಗೆ ಸಲ್ಲಿಸುವ ಭಾಗ್ಯವು ಎಲ್ಲ ಶಿಷ್ಯರಿಗೂ ದೊರೆಯತಕ್ಕದ್ದಲ್ಲ.

ಈ ಕಥೆಯು ಇಲ್ಲಿಗೇ ಮುಗಿಯಲಿಲ್ಲ. ೧೯೮೭ರಲ್ಲಿ ಷೆರ್ವಿನ್ ಕಾರ್ಲ್‌ಕ್ವಿಸ್ಟ್ ಎಂಬ ಅಮೆರಿಕದ ವಿದ್ವಾಂಸರು ಸಾರ್ಕಾಂಡ್ರದ ಬೇರಿನ ದಾರುವನ್ನು ಪರೀಕ್ಷಿಸಿ ಅಲ್ಲಿ ನಾಳಗಳುಂಟೆಂದು ತೋರಿಸಿದರು. ಆಗ ಸ್ವಾಮಿಯವರು ಬದುಕಿರಲಿಲ್ಲ. ಒಬ್ಬ ಕವಿಯ ಸಾಲನ್ನು ಮತ್ತೊಬ್ಬ ಕವಿಯು ಹೀಗೆ ತಿದ್ದಲಾರನು. ಶಾಸ್ತ್ರದಲ್ಲಿ ಮಾತ್ರ ಹಿಂದಿನವರ ಮಾತು ಮುಂದಿನವರ ಕಣ್ಣಿಗೆ ಸದಾ ತೆರೆದಿರುವುದು. ಇದರಿಂದ ಸ್ವಾಮಿಯವರ ಗೌರವಕ್ಕೆ ಕುಂದೇನೂ ಬರುವುದಿಲ್ಲ. ಅವರು ನೋಡಿದ ಕ್ರಮವೇ ಅವರ ನಿರ್ಣಯವನ್ನು ತಿದ್ದುವ ಸಾಧನವೂ ಆಯಿತಷ್ಟೆ. ನಿರ್ಣಯವು ಹಳೆಯದಾದರೂ ನೋಟದ ಶಿಸ್ತು ಹಳೆಯದಾಗುವುದಿಲ್ಲ. ಅವರ ಗದ್ಯದಲ್ಲಿ ನಮಗೆ ಉಳಿದುಬಂದಿರುವುದು ಈ ಶಿಸ್ತೇ ಎಂಬುದು ನಮ್ಮ ವಾದ.

‘ಹಸುರು ಹೊನ್ನಿ’ನ ಕಟ್ಟಡವು ಸರಳವಾದುದು. ಪ್ರಾಧ್ಯಾಪಕರೊಬ್ಬರು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಬೆಟ್ಟಗಾಡುಗಳಲ್ಲಿ ಸಸ್ಯಸಂಗ್ರಹಕ್ಕಾಗಿ ಪ್ರವಾಸ ಹೊರಡುತ್ತಾರೆ. ದಾರಿಯಲ್ಲಿ ಗಿಡಗಳು ಎದುರಾಗುತ್ತವೆ. ಗಿಡದೊಡನೆ ಅದರ ಲ್ಯಾಟಿನ್ ಹೆಸರು, ನಾಡವರು ಕರೆಯುವ ಹೆಸರು, ವೈದ್ಯರ ಮಾತು, ಸಂಸ್ಕೃತ ಕನ್ನಡ ಕವಿಗಳು ಅದನ್ನು ಬಣ್ಣಿಸಿದ ಬಗೆ, ಆ ಬಣ್ಣನೆಯಲ್ಲಿ ನಿಜವೆಷ್ಟು ರೂಢಿಯೆಷ್ಟು ಎಂಬ ವಿಚಾರ, ಹುಡುಗರ ತುಂಟತನ, ಇವೆಲ್ಲವೂ ಹಿಂಬಾಲಿಸುತ್ತವೆ. ಗ್ರಂಥಕರ್ತರ ಕೈಯಿಂದಲೇ ಬಂದ ರೇಖಾಚಿತ್ರಗಳು ಮಾತಿಗೆ ಜೊತೆಯಾಗಿ ನಿಂತಿವೆ. ಇದನ್ನು ಕೆಲವರು ಹಾಸ್ಯಗ್ರಂಥವೆಂದು ಕರೆದು ಸುಮ್ಮನಾಗುವರು. ಮತ್ತೆ ಕೆಲವರು ಜನಸಾಮಾನ್ಯರಿಗಾಗಿ ಬರೆದ ಶಾಸ್ತ್ರಗ್ರಂಥವೆನ್ನುವರು. ಎರಡು ಮಾತುಗಳೂ ಸುಳ್ಳಲ್ಲ. ಆದರೆ ಎರಡೂ ಹೊರಬಾಗಿಲಿನಲ್ಲಿಯೇ ನಿಂತು ಆಡಿದ ಮಾತುಗಳು. ಹಾಸ್ಯವು ಇಲ್ಲಿ ಗಿಡವನ್ನು ಮರೆಸುವುದಕ್ಕಾಗಿ ಬಂದಿಲ್ಲ. ಗಿಡದ ಮುಂದೆ ವಾಚಕನನ್ನು ಇನ್ನಷ್ಟು ಹೊತ್ತು ನಿಲ್ಲಿಸುವುದಕ್ಕಾಗಿ ಬಂದಿದೆ. ಇನ್ನು ತಿಳಿವಳಿಕೆಯಾದರೋ, ಅದು ಪಟ್ಟಿಯಾಗಿ ಬಾರದೆ ಪರಿಚಯವಾಗಿ ಬರುತ್ತದೆ. ಊರಿಗೆ ಬಂದ ನೆಂಟರ ಊರು, ಕುಲ, ನಡತೆಗಳನ್ನು ಮನೆಯ ಹಿರಿಯರು ಮಕ್ಕಳಿಗೆ ತಿಳಿಸಿ ಹೇಳುವಂತೆ ಸ್ವಾಮಿಯವರು ಗಿಡದ ವಿಚಾರವನ್ನು ಹೇಳುತ್ತಾರೆ. ಕೇಳಿದವನು ಮರೆಯುವುದಿಲ್ಲ.

ಈ ಪರಿಚಯದ ರೀತಿಯು ಸೂಕ್ಷ್ಮದರ್ಶಕದ ಕೆಳಗಿನ ಅಭ್ಯಾಸದಿಂದಲೇ ಬಂದಿತೆಂದು ನಾವು ಭಾವಿಸುತ್ತೇವೆ. ದಾರುವನ್ನು ಎಲೆಯಷ್ಟು ತೆಳ್ಳಗೆ ಕೊಯ್ದು ನೋಡುವವನಿಗೆ ‘ಮರ’ವೆಂಬ ಸಾಮಾನ್ಯ ಪದದಿಂದ ಕೆಲಸ ನಡೆಯದು. ಯಾವ ಮರ, ಕಾಂಡವೋ ಬೇರೋ, ಅಡ್ಡಕೊಯ್ತವೋ ಉದ್ದಕೊಯ್ತವೋ ಎಂಬುದನ್ನು ಮೊದಲೇ ಹೇಳಬೇಕು. ಈ ನಿರ್ಬಂಧವು ಗದ್ಯಕ್ಕೆ ಬಂದಾಗ ಔಚಿತ್ಯವಾಗುತ್ತದೆ. ಸ್ವಾಮಿಯವರಲ್ಲಿ ‘ನಾನಾ ವಿಧವಾದ ಪುಷ್ಪಗಳು’ ಎಂಬ ಜಾತಿಯ ಮಾತಿಗೆ ಸ್ಥಳವಿಲ್ಲ. ಪ್ರತಿಯೊಂದಕ್ಕೂ ಹೆಸರುಂಟು, ನಡತೆಯುಂಟು. ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ’ ಎಂಬ ಅವರ ಇನ್ನೊಂದು ಗ್ರಂಥವೂ ಇದೇ ನೋಟದ ಫಲ. ನಮ್ಮ ಜೋಳದ ರೊಟ್ಟಿಯ ಬದಿಗೆ ಬಂದು ಕೂರುವ ಶೇಂಗಾ ಹಿಂಡಿಯಲ್ಲಿ ಶೇಂಗಾವೂ ಮೆಣಸಿನಕಾಯಿಯೂ ಕಡಲಾಚೆಯ ಆ ಖಂಡದಿಂದ ಬಂದವುಗಳೆಂದು ತಿಳಿದ ಮೇಲೆ ಊಟದ ತಟ್ಟೆಯೂ ಒಂದು ಭೂಪಟವಾಗಿ ತೋರುವುದು.

ಗುಣಗಳನ್ನು ಹೇಳಿದ ಮೇಲೆ ದೋಷಗಳನ್ನೂ ಹೇಳುವುದು ವಿಮರ್ಶಕನ ಧರ್ಮ. ಹುಡುಗರ ಕುಚೋದ್ಯವು ಅಲ್ಲಲ್ಲಿ ಬೇಕಾದುದಕ್ಕಿಂತ ಉದ್ದವಾಗಿ, ಗಿಡವು ತನ್ನ ಸರದಿಗಾಗಿ ಕಾದು ನಿಲ್ಲಬೇಕಾಗುವುದುಂಟು. ಲ್ಯಾಟಿನ್ ಹೆಸರುಗಳು ಒತ್ತೊತ್ತಾಗಿ ಬಂದೆಡೆಗಳಲ್ಲಿ ಅಭ್ಯಾಸವಿಲ್ಲದ ವಾಚಕನ ನಾಲಗೆ ತೊಡರುವುದೂ ಉಂಟು. ಇವು ಸಣ್ಣ ಸಂಗತಿಗಳು. ಇನ್ನೊಂದು ವಿಚಾರವನ್ನು ದೋಷವೆನ್ನುವುದಕ್ಕಿಂತ ಎಲ್ಲೆಯೆನ್ನುವುದು ಲೇಸು. ಈ ಗ್ರಂಥದ ಪ್ರಧಾನವಾದ ಸಂತೋಷ ಗುರುತಿಸುವ ಸಂತೋಷ: ಇದು ಇಂತಹ ಗಿಡ, ಇದರ ಲಕ್ಷಣವಿದು ಎಂದು ಕಣ್ಣಿಗೆ ಗೊತ್ತಾದಾಗ ಉಂಟಾಗುವ ಉಲ್ಲಾಸ. ಗಿಡವು ತನ್ನ ಸ್ವಸ್ಥಾನದಲ್ಲಿ ತನ್ನ ಲಕ್ಷಣಗಳೊಡನೆ ನಿಂತಿರುವಾಗ ಈ ಉಲ್ಲಾಸವು ನಿರ್ಬಾಧವಾಗಿ ಹೊಮ್ಮುವುದು. ಆದರೆ ಮನುಷ್ಯನು ಚೆಲ್ಲಿದ ವಿಷವನ್ನು ಬೇರಿನಿಂದ ಹೀರಿಕೊಂಡು ನಿಂತ ಗಿಡದ ಮುಂದೆ ಇದೊಂದೇ ರಸವು ಸಾಕಾಗುವುದೇ? ಇಲ್ಲಿ ಕಾಂಡ್ಲದ ವಿಚಾರವು ಪ್ರಾಪ್ತವಾಗುವುದು.

ನದಿಯ ಸಿಹಿನೀರೂ ಕಡಲಿನ ಉಪ್ಪುನೀರೂ ಕೂಡುವ ಅಳಿವೆಗಳಲ್ಲಿ, ದಿನಕ್ಕೆ ಎರಡಾವೃತ್ತಿ ಉಬ್ಬರವೇರಿ ಇಳಿಯುವ ಕೆಸರಿನಲ್ಲಿ ಬೆಳೆಯುವ ಕಾಡನ್ನು ನಮ್ಮ ಕರಾವಳಿಯವರು ಕಾಂಡ್ಲವೆಂದು ಕರೆಯುತ್ತಾರೆ. ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆಯ ೨೦೨೧ರ ವರದಿಯ ಪ್ರಕಾರ ದೇಶದಲ್ಲಿ ಇಂತಹ ಕಾಡು ೪,೯೯೨ ಚದರ ಕಿಲೋಮೀಟರು; ಕರ್ನಾಟಕದ ಪಾಲು ಕೇವಲ ೧೩. ಕಾಂಡ್ಲವನ್ನು ಒಡಲಲ್ಲಿಟ್ಟುಕೊಂಡ ಉತ್ತರಕನ್ನಡದ ಅಘನಾಶಿನಿಯ ಅಳಿವೆಯು ೨೦೨೪ರಲ್ಲಿ ರಾಮ್ಸಾರ್ ಒಪ್ಪಂದದ ಪಟ್ಟಿಗೆ ಸೇರಿ ಲೋಕಪ್ರಸಿದ್ಧವಾದ ಜವುಗುನೆಲಗಳ ಸಾಲಿನಲ್ಲಿ ನಿಂತಿದೆ. ಈ ಮರಗಳಲ್ಲಿ ಕೆಲವು ಬಿಳಲುಗಳಂತಹ ಊರುಬೇರುಗಳ ಮೇಲೆ ನಿಲ್ಲುವುವು. ಕೆಲವು ಕೆಸರಿನಿಂದ ಗೂಟಗಳಂತೆ ಮೇಲಕ್ಕೆ ಬೇರುಗಳನ್ನು ಚಾಚಿ ಉಸಿರಾಡುವುವು. ಈ ಎರಡನೆಯ ಗುಂಪಿನ ಒಂದು ಕುಲಕ್ಕೆ ಲಿನ್ನೇಯಸನು ಅವಿಸೆನ್ನಿಯ ಎಂದು ಹೆಸರಿಟ್ಟನು. ಯುನಾನಿ ಹಕೀಮರ ಬಾಯಲ್ಲಿ ಬೂ ಅಲೀ ಸೀನಾ ಎನಿಸಿಕೊಂಡ ಮಹಾವೈದ್ಯನನ್ನೇ ಯುರೋಪಿನವರು ಅವಿಸೆನ್ನನೆಂದು ಕರೆದರು. ಬಹಮನಿ ಸುಲ್ತಾನರ ರಾಜಧಾನಿಯಾಗಿದ್ದ ನಮ್ಮ ಕಲಬುರಗಿಗೆ ಪರಿಚಿತವಾದ ಆ ಹೆಸರು ಕಡಲಂಚಿನ ಕೆಸರಿನಲ್ಲಿ ಮರವಾಗಿ ನಿಂತಿರುವುದನ್ನು ಕಂಡರೆ ಸ್ವಾಮಿಯವರು ಒಂದು ಪುಟವನ್ನಾದರೂ ಬರೆಯದೆ ಬಿಡುತ್ತಿರಲಿಲ್ಲ.

ದಾರುಶಾಸ್ತ್ರಜ್ಞನಿಗೆ ಈ ಮರಗಳು ಕಠಿಣವಾದ ಪಠ್ಯ. ಉಪ್ಪುನೀರಿನಿಂದ ಸಿಹಿನೀರನ್ನು ಸೆಳೆದುಕೊಳ್ಳಬೇಕಾದ ಮರದೊಳಗೆ ನೀರಿನ ಎಳೆಯು ಬಹು ಬಿಗಿಯಾಗಿರುತ್ತದೆ. ನಡುವೆ ಗಾಳಿಗುಳ್ಳೆಯೆದ್ದು ಎಳೆಯು ಕಡಿದುಹೋಗುವ ಭಯವೂ ಹೆಚ್ಚು. ಆದುದರಿಂದ ಕಾಂಡ್ಲದ ದಾರುವಿನಲ್ಲಿ ನಾಳಗಳು ಸಣ್ಣವು, ಸಂಖ್ಯೆಯಲ್ಲಿ ಅನೇಕ. ಒಂದು ಮುಚ್ಚಿದರೂ ಹತ್ತು ತೆರೆದಿರುವುವು. ಕೀನ್ಯಾ ದೇಶದ ಗಾಜಿ ಕೊಲ್ಲಿಯಲ್ಲಿ ಆನೂಕ್ ವೆರ್ಹೈಡನ್ ಎಂಬ ವಿದುಷಿಯೂ ಅವರ ಸಹೋದ್ಯೋಗಿಗಳೂ ರೈಜೋಫೊರ ಮ್ಯುಕ್ರೊನೇಟವೆಂಬ ಕಾಂಡ್ಲವನ್ನು ಪರೀಕ್ಷಿಸಿ, ಮಳೆಗಾಲದ ದಾರುವಿನಲ್ಲಿ ನಾಳಗಳು ವಿರಳವಾಗಿಯೂ ಬೇಸಗೆಯ ದಾರುವಿನಲ್ಲಿ ದಟ್ಟವಾಗಿಯೂ ಇರುವುವೆಂದೂ, ಹೀಗೆ ಆ ಮರದಲ್ಲಿ ವರ್ಷಕ್ಕೊಂದು ಬಳೆ ಮೂಡುವುದೆಂದೂ ೨೦೦೪ರಲ್ಲಿ ತೋರಿಸಿದರು. ಆದರೆ ಅದರ ನೆರೆಯಲ್ಲಿಯೇ ಬೆಳೆಯುವ ಅವಿಸೆನ್ನಿಯದಲ್ಲಿ ಈ ಲೆಕ್ಕವು ನಡೆಯದು. ಅಲ್ಲಿ ಕಾಣುವ ಪದರಗಳಿಗೂ ವರ್ಷಗಳಿಗೂ ಸಂಬಂಧವಿಲ್ಲ. ಒಂದೇ ಕೆಸರು, ಒಂದೇ ಉಬ್ಬರ. ಒಂದು ಮರವು ದಿನಚರಿಯನ್ನು ಬರೆದಿಟ್ಟಿದೆ, ಇನ್ನೊಂದು ಬರೆದಂತೆ ತೋರಿ ಬರೆದಿಲ್ಲ.

ಕೊಳೆಯ ವಿಚಾರದಲ್ಲಿ ಈ ಎಚ್ಚರವು ಇನ್ನೂ ಹೆಚ್ಚಾಗಿ ಬೇಕು. ನಗರಗಳಿಂದಲೂ ಕಾರ್ಖಾನೆಗಳಿಂದಲೂ ಹರಿದು ಬರುವ ಸೀಸ, ತಾಮ್ರ ಮೊದಲಾದ ಲೋಹಗಳನ್ನು ಕಾಂಡ್ಲದ ಬುಡದ ಕೆಸರು ಹಿಡಿದಿಟ್ಟುಕೊಳ್ಳುತ್ತದೆ. ಸೀಸದಂತಹವುಗಳನ್ನು ಮರವು ಬಹುಮಟ್ಟಿಗೆ ಬೇರಿನಲ್ಲಿಯೇ ತಡೆದು ಎಲೆಗಳವರೆಗೆ ಸ್ವಲ್ಪವನ್ನೇ ಬಿಡುತ್ತದೆ. ದಾರುವಿನಲ್ಲಿ ಲೋಹವು ಕಂಡಿತೆಂದಮಾತ್ರಕ್ಕೆ ಅದು ಆ ಬಳೆ ಮೂಡಿದ ವರ್ಷದಲ್ಲಿಯೇ ಒಳಹೊಕ್ಕಿತೆಂದು ನಿಶ್ಚಯಿಸುವಂತಿಲ್ಲ. ಲೋಹಗಳು ಬಳೆಯಿಂದ ಬಳೆಗೆ ಅಡ್ಡಲಾಗಿ ಸರಿಯಬಲ್ಲವು. ತೈಲದ ಹಾವಳಿ ಬೇರೆ ಬಗೆಯದು. ೨೦೦೬ರ ಮೇ ತಿಂಗಳಲ್ಲಿ ಕಾರವಾರದ ಸಮೀಪ ‘ಓಷನ್ ಸೆರಾಯಾ’ ಎಂಬ ಹಡಗು ನೆಲಕಚ್ಚಿ ಅದರ ಇಂಧನತೈಲವು ಕಡಲಿಗೆ ಸೋರಿದುದನ್ನು ಹಲವರು ನೆನೆಯಬಹುದು. ಇಂತಹ ತೈಲವು ಕಾಂಡ್ಲದೊಳಗೆ ನುಗ್ಗಿದರೆ ಉಸಿರಾಟದ ಬೇರುಗಳಿಗೆ ಬಳಿದುಕೊಂಡು ಅವುಗಳ ಸೂಕ್ಷ್ಮರಂಧ್ರಗಳನ್ನು ಮುಚ್ಚುವುದು. ಮರವು ನಿಂತಲ್ಲಿಯೇ ಉಸಿರುಕಟ್ಟುವುದು.

ಇಂತಹ ವಸ್ತುವು ಕನ್ನಡ ಗದ್ಯಕ್ಕೆ ಬಂದಾಗ ಏನಾಗುವುದು? ಸಾಮಾನ್ಯವಾಗಿ ಎರಡರಲ್ಲಿ ಒಂದು. ಒಂದನೆಯದು ಶೋಕಭಾಷಣ: ಪ್ರಕೃತಿಮಾತೆ, ಕಣ್ಣೀರು, ಮಾನವನ ದುರಾಶೆ ಎಂಬ ಮೂರು ಮಾತುಗಳ ಸುತ್ತ ತಿರುಗಿ, ಯಾವ ಮರಕ್ಕೆ ಏನಾಯಿತೆಂಬುದನ್ನು ಹೇಳದೆಯೇ ಮುಗಿಯುವುದು. ಇಲ್ಲಿ ಮರವು ಮತ್ತೆ ಉಪಮಾನವಾಯಿತು. ಈ ಸಲ ನಮ್ಮ ಪಶ್ಚಾತ್ತಾಪಕ್ಕೆ. ಎರಡನೆಯದು ಕಚೇರಿಯ ವರದಿ: ಅಂಕಿಗಳುಂಟು, ಮರವಿಲ್ಲ. ಸ್ವಾಮಿಯವರ ಗದ್ಯವು ಈ ಎರಡಕ್ಕೂ ಹೊರತಾದ ಮೂರನೆಯ ದಾರಿ. ಮೊದಲು ಮರದ ಹೆಸರನ್ನು ಕಲಿ. ಅದರ ನಡತೆಯನ್ನು ನೋಡು. ಅದು ಹೇಳಿದಷ್ಟನ್ನೇ ಹೇಳು. ಹೇಳದುದನ್ನು ಅದರ ಬಾಯಿಗೆ ತುರುಕಬೇಡ. ಅವಿಸೆನ್ನಿಯದ ಪದರಗಳನ್ನು ವರ್ಷಗಳೆಂದು ಎಣಿಸದಿರುವ ಶಾಸ್ತ್ರಜ್ಞನ ಸಂಯಮವೂ, ದುಃಖವನ್ನು ಅಳತೆಮೀರಿ ಹಾಡದ ಕವಿಯ ಸಂಯಮವೂ ಬೇರೆ ಬೇರೆಯಲ್ಲ.

ಆದರೆ ಈ ದಾರಿಯಲ್ಲಿ ‘ಹಸುರು ಹೊನ್ನು’ ಬಿಟ್ಟುಹೋದ ಸ್ಥಳದಿಂದ ಮುಂದಕ್ಕೆ ನಡೆಯಬೇಕಾಗಿದೆ. ಗುರುತಿಸುವ ಉಲ್ಲಾಸದೊಡನೆ ಲೆಕ್ಕ ಒಪ್ಪಿಸುವ ಗಾಂಭೀರ್ಯವೂ ಸೇರಬೇಕು. ಪ್ರವಾಸಿಯು ಕಾಡಿಗೆ ಹೋಗಿ ಗಿಡವನ್ನು ಕಂಡು ಬರುವನು. ಕೊಳೆಯ ಕಥೆಯಲ್ಲಿಯಾದರೋ ನೋಡುವವನ ಮನೆಯ ಬಚ್ಚಲ ನೀರು ಅವನಿಗಿಂತ ಮುಂಚೆಯೇ ಗಿಡದ ಬುಡವನ್ನು ಮುಟ್ಟಿರುತ್ತದೆ. ನೋಡುವವನೂ ನೋಟದೊಳಗೆ ಸೇರಿದ ಇಂತಹ ಸಂದರ್ಭದಲ್ಲಿ ಹಾಸ್ಯವು ಯಾವ ರೂಪವನ್ನು ತಾಳಬೇಕೆಂಬುದು ಮುಂದಿನ ಲೇಖಕರು ಬಿಡಿಸಬೇಕಾದ ಒಗಟು. ಸ್ವಾಮಿಯವರನ್ನು ಅನುಕರಿಸುವವರು ಅವರ ನಗೆಯನ್ನು ಮಾತ್ರ ಹಿಡಿದು ಕಣ್ಣನ್ನು ಬಿಟ್ಟರೆ ಕೆಲಸವು ಕೆಟ್ಟಿತು.

ಇನ್ನು ನಮ್ಮ ಸೀಮೆಯ ಸಂದೇಹ. ಖಜೂರಿಯೆಂಬ ಹೆಸರನ್ನು ಕೇಳಿದೊಡನೆ ಖರ್ಜೂರದ ಮರವು ನೆನಪಿಗೆ ಬರುವುದು. ಆ ಮರದ ದಾಯಾದಿಯೊಂದು ಬಂಗಾಳದ ಸುಂದರಬನದ ಕಾಂಡ್ಲದೊಳಗೆ ಬೆಳೆಯುತ್ತದೆ. ಇದು ಹೆಸರಿನ ನಂಟು. ನೀರಿನ ನಂಟು ಇದಕ್ಕಿಂತ ಬಲವಾದುದು. ಆಳಂದದ ಕಡೆಯಿಂದ ಹರಿಯುವ ಅಮರ್ಜೆಯು ಗಾಣಗಾಪುರದ ಸಂಗಮದಲ್ಲಿ ಭೀಮೆಯನ್ನು ಕೂಡುವುದನ್ನು ಅಲ್ಲಿ ಸ್ನಾನ ಮಾಡಿದವರೆಲ್ಲರೂ ಬಲ್ಲರು. ಭೀಮೆಯು ಅಫಜಲಪುರ, ಜೇವರ್ಗಿಗಳ ಎಲ್ಲೆಯನ್ನು ಮುಟ್ಟಿ ಹರಿದು ರಾಯಚೂರಿನ ಕಡೆಯಲ್ಲಿ ಕೃಷ್ಣೆಯನ್ನು ಸೇರುವುದು. ಕೃಷ್ಣೆಯು ಶ್ರೀಶೈಲ, ನಾಗಾರ್ಜುನಸಾಗರಗಳ ಅಣೆಕಟ್ಟುಗಳನ್ನು ದಾಟಿ, ಹೂಳಿನ ಬಹುಭಾಗವನ್ನು ಅಲ್ಲಿಯೇ ಬಿಟ್ಟು, ಉಳಿದುದನ್ನು ಹೊತ್ತುಕೊಂಡು ಬಂಗಾಳ ಕೊಲ್ಲಿಯನ್ನು ಸೇರುವ ಮುಖದಲ್ಲಿ ಕಾಂಡ್ಲ ಕಾಡು ನಿಂತಿದೆ. ತೊಗರಿಯ ಹೊಲಕ್ಕೆ ಎರಚಿದ ಗೊಬ್ಬರದ ಶೇಷವಾಗಲಿ, ಊರ ಚರಂಡಿಯಿಂದ ಹಳ್ಳಕ್ಕಿಳಿದ ಮೈಲಿಗೆಯಾಗಲಿ ಹಳ್ಳದಲ್ಲಿಯೇ ಮುಗಿದುಹೋಗಬೇಕೆಂಬ ನಿಯಮವಿಲ್ಲ. ಎಷ್ಟು ತಡೆಗಳಿದ್ದರೂ ಅದರ ದಾರಿಯು ಆ ಕಡೆಗೇ. ನಾವು ಕರ್ನಾಟಕದ ಕರಾವಳಿಗೆ ನೆರೆಯವರಲ್ಲದಿರಬಹುದು. ಆಂಧ್ರದ ಕಾಂಡ್ಲಕ್ಕೆ ಮೇಲ್ಮನೆಯವರು. ಬೇರಿಗೆರೆದುದು ತುದಿಯಲ್ಲಿ ಕಾಣುವುದೆಂಬ ಮಾತನ್ನು ಭ��್ತಿಯ ವಿಷಯದಲ್ಲಿ ಒಪ್ಪಿದ ನಾವು ನದಿಯ ವಿಷಯದಲ್ಲಿಯೂ ಒಪ್ಪಬೇಕಾಗುವುದು.

ನಮ್ಮ ಮನೆಗಳಲ್ಲಿ ‘ಹಸುರು ಹೊನ್ನ’ನ್ನು ಹಿರಿಯರು ಕಿರಿಯರು ಕೂಡಿ ಗಟ್ಟಿಯಾಗಿ ಓದಬಹುದು, ಅದು ಹಾಗೆ ಓದಿಸಿಕೊಳ್ಳುವ ಗ್ರಂಥ. ಓದಿ ನಕ್ಕ ಮೇಲೆ ಹೊಲದ ಬದುವಿನ ಬನ್ನಿ, ಬೇವು, ಜಾಲಿಗಳ ಬಳಿಗೆ ಹೋಗಿ, ಇವು ನಮಗೆ ಹೆಸರಿನಿಂದಲ್ಲದೆ ನಡತೆಯಿಂದ ಎಷ್ಟು ಗೊತ್ತೆಂದು ಕೇಳಿಕೊಂಡರೆ ಓದು ಸಾರ್ಥಕವಾಗುವುದು. ಹಾಗೆ ಕೇಳಿಕೊಂಡು ಬೆಳೆದ ಮಕ್ಕಳಲ್ಲಿ ಒಬ್ಬರಾದರೂ ಮುಂದೆ ಕೃಷ್ಣೆಯ ಮುಖದವರೆಗೆ ಹೋಗಿ, ಅಲ್ಲಿನ ಕಾಂಡ್ಲದ ಒಂದು ತುಂಡನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ಕಂಡಷ್ಟನ್ನು ಕನ್ನಡದಲ್ಲಿ ಬರೆಯುವರೆಂದು ನಿರೀಕ್ಷಿಸುವುದು ಅತ್ಯಾಶೆಯಲ್ಲ.